ಗಿಟಾರು ಹಿಡಿದು ಹೊರಟ ಬೆಂಗಳೂರಿನ ಹುಡುಗ

ರಾಜ್ಯೋತ್ಸವದ ಸಂಚಿಕೆಯಲ್ಲಿ ಸಂಗೀತದ ಮಾತು ಬಂದಾಗ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರನ್ನು ನೆನೆಯುವುದು ನಮಗೆ ವಾಡಿಕೆ. ಆ ಮಹನೀಯರ ಹೆಸರು ಹೇಳಿದ ಬಾಯಲ್ಲೇ ರಾಕ್ ಎಂಡ್ ರೋಲ್ ಬಾರಿಸಿದ ಒಬ್ಬ ಹುಡುಗನ ಹೆಸರನ್ನು ಎತ್ತಿದರೆ ಹಿರಿಯರು ಹುಬ್ಬೇರಿಸಿಯಾರು. ಆದರೂ ಬೆಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಮೇಲೆ ಹಾದು, ಲಂಡನ್ನಿಗೆ ಹೋಗಿ ಜಗತ್ತನ್ನೇ ಕುಣಿಸಿದ ಬಿಡ್ಡು ಅಪ್ಪಯ್ಯನವರ ಕಥೆ ಊರು ಬಿಟ್ಟು ಬಂದ ನಮ್ಮಂಥವರು ತಿಳಿಯಬೇಕಾದುದೇ ಆಗಿದೆ.

೧೯೫೨ರಲ್ಲಿ ಆಕಾಶವಾಣಿಯು ಚಲಚ್ಚಿತ್ರ ಗೀತೆಗಳನ್ನು ದೂರವಿಟ್ಟಿತು. ಕೇಳುಗರು ರೇಡಿಯೋ ಸಿಲೋನಿನತ್ತ ಮುಳ್ಳು ತಿರುಗಿಸಿದರು. ಅಲ್ಲಿ ಹಿಂದಿ ಹಾಡುಗಳ ಜೊತೆಗೆ ಪಾಶ್ಚಾತ್ಯ ಹಾಡುಗಳೂ ಕೇಳಿಬರುತ್ತಿದ್ದವು. ಬೆಂಗಳೂರಿನಲ್ಲಿ ಬಾಲಕ ಬಿಡ್ಡುವಿನ ಕಿವಿಗೆ ಹೊಸ ಸಂಗೀತ ಬಿದ್ದದ್ದು ಹೀಗೆಯೇ. ಗಿಟಾರು ಕಲಿತು, ಗೆಳೆಯರನ್ನು ಕೂಡಿಸಿಕೊಂಡು 'ಟ್ರೋಜನ್ಸ್' ಎಂಬ ಮೇಳ ಕಟ್ಟಿದರು. ಬೀಟಲ್ಸ್ ಮೊದಲಾದವರ ಹಾಡುಗಳನ್ನು ಬೆಂಗಳೂರಿನ ಕ್ಲಬ್ಬುಗಳಲ್ಲಿ ಹಾಡಿ, ೧೯೬೦ರ ದಶಕದಲ್ಲಿ ಕಲ್ಕತ್ತೆಗೂ ಮುಂಬಯಿಗೂ ಬಂದರು.

ಮುಂಬಯಿಗೆ ಈ ನಾದ ಹೊಸದಾಗಿರಲಿಲ್ಲ. ಚರ್ಚ್‌ಗೇಟಿನ ಬೀದಿಯ ಹೋಟೆಲುಗಳಲ್ಲಿ ಗೋವೆಯ ವಾದಕರು ರಾತ್ರಿ ಜಾಝ್ ನುಡಿಸಿ, ಹಗಲು ಸಿನಿಮಾ ಸ್ಟುಡಿಯೋಗಳಲ್ಲಿ ದುಡಿಯುತ್ತಿದ್ದರು. ೧೯೫೭ರ 'ಆಶಾ' ಚಿತ್ರದಲ್ಲಿ ಸಿ. ರಾಮಚಂದ್ರರು ರಾಕ್ ಎಂಡ್ ರೋಲಿನ ಗತಿಯನ್ನು ಹಿಂದಿ ಹಾಡಿಗೆ ಒಗ್ಗಿಸಿದ್ದರು. ಕಾಲಕ್ರಮದಲ್ಲಿ ಟ್ರೋಜನ್ಸ್ ಮೇಳ ಒಡೆಯಿತು. ಗೆಳೆಯರು ಚದುರಿದರೂ ಬಿಡ್ಡು ವಾದ್ಯವನ್ನು ಕೆಳಗಿಡಲಿಲ್ಲ. 'ಲೋನ್ ಟ್ರೋಜನ್', ಅಂದರೆ ಒಂಟಿ ಟ್ರೋಜನ್ ಎಂಬ ಹೆಸರಿನಿಂದ ಒಬ್ಬರೇ ಹಾಡತೊಡಗಿದರು.

ಆ ದಶಕದ ಕೊನೆಗೆ ಅವರು ಇಂಗ್ಲೆಂಡಿಗೆ ಹೊರಟರು. ಅಲ್ಲಿ ಹೊಟ್ಟೆಪಾಡಿಗೆ ಹಿಡಿದದ್ದು ಲಂಡನ್ನಿನ ಅಮೇರಿಕನ್ ರಾಯಭಾರ ಕಚೇರಿಯಲ್ಲಿ ಅಡಿಗೆಯ ಕೆಲಸ! ಹೋಟೆಲಿನ ಒಲೆಯ ಮುಂದೆ ಬೆವರು ಸುರಿಸಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರನ್ನು ಬಲ್ಲವರಿಗೆ ಈ ಸಂಗತಿ ಹೊಸದೆನಿಸದು. ಕೂಡಿಟ್ಟ ಹಣದಿಂದ ಅವರು ಸ್ಟುಡಿಯೋವನ್ನು ಬಾಡಿಗೆಗೆ ಹಿಡಿದು ಧ್ವನಿಮುದ್ರಣ ಮಾಡಿದರು.

ಫಲ ೧೯೭೪ರಲ್ಲಿ ದೊರೆಯಿತು. ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಒಂದು ತಟ್ಟೆಗಾಗಿ ಹಾಡಿಸುತ್ತಿದ್ದಾಗ, ಅದರ ಹಿಂಬದಿಗೆಂದು ಉಳಿದ ಸ್ವಲ್ಪವೇ ಸಮಯದಲ್ಲಿ ಅವಸರದಿಂದ ಮುದ್ರಿಸಿದ ಹಾಡು 'ಕುಂಗ್ ಫೂ ಫೈಟಿಂಗ್'. ಮುಂಬದಿಯ ಹಾಡನ್ನು ಜನ ಮರೆತರು. ಹಿಂಬದಿಯದು ಬ್ರಿಟನ್ನಿನಲ್ಲಿಯೂ ಅಮೇರಿಕದಲ್ಲಿಯೂ ಮೊದಲ ಸ್ಥಾನಕ್ಕೇರಿತು.

ಮುಂಬಯಿಯ ಋಣ ತೀರಿದ್ದು ಮುಂದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ನಟ ಫಿರೋಜ್ ಖಾನರು ೧೯೮೦ರ 'ಕುರ್ಬಾನಿ' ಚಿತ್ರಕ್ಕಾಗಿ ಬಿಡ್ಡು ಅವರಿಂದ ಒಂದು ಹಾಡನ್ನು ಮಾಡಿಸಿಕೊಂಡರು. ಲಂಡನ್ನಿನಲ್ಲಿ ಬೆಳೆಯುತ್ತಿದ್ದ ಪಾಕಿಸ್ತಾನೀ ಬಾಲಕಿ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯಿ' ಗಲ್ಲಿಗಲ್ಲಿಯಲ್ಲಿ ಮೊಳಗಿತು. ೧೯೮೧ರಲ್ಲಿ 'ಡಿಸ್ಕೋ ದೀವಾನೆ', ೧೯೯೫ರಲ್ಲಿ ಅಲಿಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಬಂದವು. ಹಿಂದೆ ಮೇಳ ಒಡೆದು ಒಂಟಿಯಾದವನ ರಾಗಗಳೀಗ ಗಣೇಶೋತ್ಸವದ ಮಂಟಪಗಳಲ್ಲಿಯೂ ಕೇಳಿಬರುವಂತಾದವು.

ಇವರಿಗೆ ಕೀರ್ತಿ ತಂದ ಹಾಡುಗಳು ಇಂಗ್ಲಿಷು, ಹಿಂದಿ. ಇವರು ನಮ್ಮವರು ಹೇಗಾದಾರು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಕನ್ನಡಕ್ಕೆ ದುಡಿದವರಿಗೆ ಸಲ್ಲುವ ಮೊದಲ ಮಣೆಯನ್ನು ಇವರಿಗೆ ಕೊಡಬೇಕೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮನೆಯ ಮಕ್ಕಳೂ ಇಂದು ಮರಾಠಿಯಲ್ಲಿ ಓದುತ್ತಾರೆ, ಹಿಂದಿಯಲ್ಲಿ ಹಾಡುತ್ತಾರೆ, ಇಂಗ್ಲಿಷಿನಲ್ಲಿ ದುಡಿಯುತ್ತಾರೆ. ಬೇರೆ ಭಾಷೆಯಲ್ಲಿ ಹಾಡಿದವನು ಹೊರಗಿನವನೆಂದು ಬಾಗಿಲು ಹಾಕಿದರೆ, ನಾಳೆ ಅದೇ ಬಾಗಿಲು ನಮ್ಮ ಮಕ್ಕಳ ಮುಖಕ್ಕೂ ಮುಚ್ಚೀತು. ಮದುವೆಯ ಮನೆಯಲ್ಲಿ ಆ ಹಳೆಯ ಹಾಡು ಕೇಳಿಬಂದಾಗ, ಇದರ ರಾಗ ಕಟ್ಟಿದವರು ಬೆಂಗಳೂರಿನವರು ಎಂದು ಕಿರಿಯರಿಗೆ ಕನ್ನಡದಲ್ಲಿ ಹೇಳೋಣ. ಅಷ್ಟರಮಟ್ಟಿಗಾದರೂ ಕಥೆ ಕನ್ನಡದಲ್ಲಿ ಉಳಿದೀತು.