ಜಾಲತಾಣಕ್ಕೆ ದತ್ತಸಂಚಯ ಹಾಗೂ ಸ್ಕ್ರಿಪ್ಟಿಂಗ್ ಭಾಷೆಯ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ನೋಂದಾಯಿತ ಸಂಘ-ಸಂಸ್ಥೆಗಳು, ಸಹಕಾರ ಸಂಘಗಳು ಹಾಗೂ ಸಣ್ಣ ಉದ್ದಿಮೆದಾರರು ಸದಸ್ಯರ ಪಟ್ಟಿ, ಅರ್ಜಿ ಮತ್ತು ಶುಲ್ಕದ ವಿವರಗಳನ್ನು ಜಾಲತಾಣದ ಮೂಲಕ ನಿರ್ವಹಿಸಲು ಮುಂದಾಗುವಾಗ, ತಂತ್ರಾಂಶದ ಆಯ್ಕೆಯನ್ನು ಸರಬರಾಜುದಾರರಿಗೇ ಬಿಟ್ಟುಬಿಡುವುದುಂಟು. ಆದರೆ ದಾಖಲೆಗಳ ಹೊಣೆಗಾರಿಕೆಯು ಸಂಸ್ಥೆಯದೇ ಆಗಿರುತ್ತದೆ. ಆದುದರಿಂದ ಕಾರ್ಯಾದೇಶ ನೀಡುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಇವೆರಡರ ಕಾರ್ಯ

ದತ್ತಸಂಚಯವು ಕಚೇರಿಯ ವಹಿಗಳಿದ್ದಂತೆ. ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಬರೆದ ಕ್ರಮವಿಧಿಯು ಆ ವಹಿಗಳಲ್ಲಿ ದಾಖಲಿಸುವ ಹಾಗೂ ಹುಡುಕಿಕೊಡುವ ಗುಮಾಸ್ತರಿದ್ದಂತೆ. ವಿಳಾಸ, ಕಾರ್ಯಚಟುವಟಿಕೆ ಮತ್ತು ಛಾಯಾಚಿತ್ರಗಳನ್ನಷ್ಟೇ ಪ್ರಕಟಿಸುವ ಜಾಲತಾಣಕ್ಕೆ ಇವೆರಡೂ ಅವಶ್ಯವಿಲ್ಲ. ಅರ್ಜಿ ಸ್ವೀಕಾರ, ಶುಲ್ಕ ಪಾವತಿ ಅಥವಾ ಸದಸ್ಯರ ಪ್ರವೇಶವಿದ್ದಲ್ಲಿ ಮಾತ್ರ ಇವುಗಳ ಅಗತ್ಯ ಬೀಳುತ್ತದೆ.

2. ಪ್ರಮುಖ ದತ್ತಸಂಚಯಗಳು

ಅ) ಮೈಎಸ್‌ಕ್ಯುಎಲ್ ಮತ್ತು ಮರಿಯಾಡಿಬಿ: ಮೈಎಸ್‌ಕ್ಯುಎಲ್ 1995ರಲ್ಲಿ ಬಿಡುಗಡೆಯಾಯಿತು. 2010ರಲ್ಲಿ ಇದು ಒರೇಕಲ್ ಸಂಸ್ಥೆಯ ಅಧೀನಕ್ಕೆ ಬಂದಿತು. ಇದರಿಂದ 2009ರಲ್ಲಿ ಕವಲೊಡೆದುದೇ ಮರಿಯಾಡಿಬಿ. ಕಡಿಮೆ ದರದ ಹೋಸ್ಟಿಂಗ್ ಸೇವೆಗಳಲ್ಲಿ ಇವೆರಡರಲ್ಲೊಂದು ಸಾಮಾನ್ಯವಾಗಿ ಲಭ್ಯವಿರುತ್ತದೆ.

ಆ) ಪೋಸ್ಟ್‌ಗ್ರೆಸ್: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿಂದ ಬೆಳೆದ ಮುಕ್ತ ತಂತ್ರಾಂಶ. ದಾಖಲೆಗಳ ನಡುವೆ ಸಂಕೀರ್ಣ ಸಂಬಂಧಗಳು ಹಾಗೂ ಕಟ್ಟುನಿಟ್ಟಾದ ಪರಿಶೀಲನೆ ಬೇಕಿರುವಲ್ಲಿ ಸೂಕ್ತ.

ಇ) ಎಸ್‌ಕ್ಯುಲೈಟ್: ಇಡೀ ದತ್ತಸಂಚಯವು ಒಂದೇ ಕಡತದಲ್ಲಿರುತ್ತದೆ. ಒಂದು ಸಮಯದಲ್ಲಿ ಒಬ್ಬರ ಬರವಣಿಗೆಗೆ ಮಾತ್ರ ಅವಕಾಶ. ಸಣ್ಣ ಜಾಲತಾಣಗಳಿಗೆ ಸಾಕಾಗುತ್ತದೆ; ಏಕಕಾಲಕ್ಕೆ ಅನೇಕರು ಅರ್ಜಿ ಸಲ್ಲಿಸುವಲ್ಲಿ ಸೂಕ್ತವಲ್ಲ.

ಈ) ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್: ಪರವಾನಗಿ ಶುಲ್ಕವುಳ್ಳದ್ದು. ಇದರ ಎಕ್ಸ್‌ಪ್ರೆಸ್ ಆವೃತ್ತಿಯು ಉಚಿತವಾದರೂ ಗಾತ್ರದ ಮಿತಿಗೆ ಒಳಪಟ್ಟಿದೆ.

3. ಕನ್ನಡ ಲಿಪಿಯ ಬಗ್ಗೆ ವಿಶೇಷ ಸೂಚನೆ

ಅರ್ಜಿದಾರರ ಹೆಸರು ತಪ್ಪಾಗಿ ದಾಖಲಾದಲ್ಲಿ ಮುಂದೆ ಪ್ರಮಾಣಪತ್ರವೂ ತಪ್ಪಾಗುತ್ತದೆ. "ಕನ್ನಡ" ಎಂಬುದು ಓದುವವರಿಗೆ 3 ಅಕ್ಷರ; ಯೂನಿಕೋಡ್‌ನಲ್ಲಿ 5 ಸಂಕೇತಗಳು; ಯುಟಿಎಫ್-8 ಕ್ರಮದಲ್ಲಿ 15 ಬೈಟ್‌ಗಳು. ಹೆಸರಿನ ಅಂಕಣಕ್ಕೆ 30 ಬೈಟ್‌ಗಳ ಮಿತಿ ಹಾಕಿದಲ್ಲಿ 10 ಸಂಕೇತಗಳಿಗಿಂತ ಉದ್ದವಾದ ಕನ್ನಡ ಹೆಸರು ನಡುವೆಯೇ ತುಂಡಾಗುತ್ತದೆ. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸಿದರೆ ಈ ದೋಷ ಕಂಡುಬರುವುದಿಲ್ಲ.

ಮೈಎಸ್‌ಕ್ಯುಎಲ್‌ನ ಹಿಂದಿನ ಆವೃತ್ತಿಗಳು ಲ್ಯಾಟಿನ್ ಅಕ್ಷರಕ್ರಮವನ್ನೇ ಪೂರ್ವನಿಗದಿಯಾಗಿ ಹೊಂದಿದ್ದವು. ಅಂತಹ ಅಂಕಣದಲ್ಲಿ ಕನ್ನಡ ಪಠ್ಯವು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುವ ಸಂಭವವಿದ್ದು, ಹಾಗೆ ಉಳಿದ ಮೇಲೆ ಮೂಲ ಹೆಸರನ್ನು ಅದರಿಂದ ಮರಳಿ ಪಡೆಯಲಾಗದು. 2018ರ 8.0 ಆವೃತ್ತಿಯಿಂದ ಯುಟಿಎಫ್8ಎಂಬಿ4 ಕ್ರಮವು ಪೂರ್ವನಿಗದಿಯಾಗಿದೆ. ಹೊಸ ಜಾಲತಾಣಗಳಿಗೆ ಇದನ್ನೇ ಬಳಸತಕ್ಕದ್ದು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಎನ್‌ವಾರ್‌ಚಾರ್ ಮಾದರಿಯ ಅಂಕಣಗಳನ್ನು ಆರಿಸತಕ್ಕದ್ದು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್‌ಪೂರ್ವ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಹಳೆಯ ಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ಸೇರಿಸತಕ್ಕದ್ದು. ಇಲ್ಲವಾದಲ್ಲಿ ಕನ್ನಡದಲ್ಲಿ ಹುಡುಕಿದಾಗ ಹೆಸರು ಸಿಗುವುದಿಲ್ಲ.

4. ಸ್ಕ್ರಿಪ್ಟಿಂಗ್ ಭಾಷೆಗಳು

ಅ) ಪಿಎಚ್‌ಪಿ: 1995ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾಯಿತು. ಹೋಸ್ಟಿಂಗ್ ಸೇವೆಯೂ ಬಲ್ಲ ಕೆಲಸಗಾರರೂ ಸುಲಭವಾಗಿ ದೊರೆಯುತ್ತಾರೆ.

ಆ) ಪೈಥಾನ್: ಸ್ಪಷ್ಟವಾದ ಬರವಣಿಗೆಗೆ ಹೆಸರಾದುದು. ಸಾಮಾನ್ಯ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಮುಂಚಿತವಾಗಿ ವಿಚಾರಿಸತಕ್ಕದ್ದು.

ಇ) ಎಎಸ್‌ಪಿ: ಹಳೆಯ ಎಎಸ್‌ಪಿ ಪುಟಗಳು ಹೆಚ್ಚಾಗಿ ಅವಲಂಬಿಸಿರುವ ವಿಬಿಸ್ಕ್ರಿಪ್ಟ್ ಅನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿದೆ. ಹೊಸ ಕೆಲಸಕ್ಕೆ ಇದನ್ನು ಆರಿಸಬಾರದು.

ಯಾವುದೇ ಭಾಷೆಯಾದರೂ ಆವೃತ್ತಿಯನ್ನು ಗಮನಿಸುವುದು ಮುಖ್ಯ. ಪಿಎಚ್‌ಪಿ 5.6ಕ್ಕೆ 2018ರ ಅಂತ್ಯದಲ್ಲಿ, 7.4ಕ್ಕೆ 2022ರ ನವೆಂಬರ್‌ನಲ್ಲಿ, ಪೈಥಾನ್ 2ಕ್ಕೆ 2020ರ ಜನವರಿ 1ರಂದು ಬೆಂಬಲ ಕೊನೆಗೊಂಡಿತು. ಬೆಂಬಲವಿಲ್ಲದ ಆವೃತ್ತಿಯ ಸುರಕ್ಷತಾ ದೋಷಗಳನ್ನು ಅದರ ನಿರ್ಮಾತೃಗಳು ಸರಿಪಡಿಸುವುದಿಲ್ಲ.

5. ಹಣದ ವ್ಯವಹಾರವಿದ್ದಲ್ಲಿ

ಶುಲ್ಕ ಜಮೆಯಾಗುವುದು ಹಾಗೂ ಅರ್ಜಿಯು "ಪಾವತಿಸಲಾಗಿದೆ" ಎಂದು ಗುರುತಾಗುವುದು, ಜಮಾ-ಖರ್ಚಿನ ಎರಡು ನಮೂದುಗಳಂತೆ, ಎರಡೂ ಆಗಬೇಕು ಅಥವಾ ಎರಡೂ ಆಗಬಾರದು. ನಡುವೆ ವಿದ್ಯುತ್ ಕಡಿತವಾದರೂ ಈ ನಿಯಮ ಮುರಿಯದಂತೆ ಕಾಯುವ ಸೌಲಭ್ಯಕ್ಕೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಮೈಎಸ್‌ಕ್ಯುಎಲ್‌ನ ಮೈಐಸ್ಯಾಮ್ ಮಾದರಿಯ ಕೋಷ್ಟಕಗಳಲ್ಲಿ ಈ ಸೌಲಭ್ಯವಿಲ್ಲ. ಇನ್ನೊಡಿಬಿ ಮಾದರಿಯಲ್ಲಿ ಇದೆ.

6. ಸುರಕ್ಷತೆ

ಅರ್ಜಿ ನಮೂನೆಯಲ್ಲಿ ತುಂಬಿದ ಪಠ್ಯವನ್ನು ನೇರವಾಗಿ ದತ್ತಸಂಚಯದ ಆದೇಶದೊಳಗೆ ಜೋಡಿಸಿದಲ್ಲಿ, ಕಿಡಿಗೇಡಿಗಳು ತಮ್ಮದೇ ಆದೇಶವನ್ನು ಅದರಲ್ಲಿ ಸೇರಿಸಿ ಇಡೀ ಪಟ್ಟಿಯನ್ನು ಕದಿಯಬಹುದು ಅಥವಾ ಅಳಿಸಬಹುದು. ಇದಕ್ಕೆ ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಹೆಸರು. ಆದೇಶ ಮತ್ತು ಮಾಹಿತಿಯನ್ನು ಪ್ರತ್ಯೇಕವಾಗಿ ಕಳುಹಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ವಿಧಾನವೇ ಇದಕ್ಕೆ ಪರಿಹಾರ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ನ್ನು ಗಮನದಲ್ಲಿರಿಸಿ, ಅವಶ್ಯವಿಲ್ಲದ ವೈಯಕ್ತಿಕ ವಿವರಗಳನ್ನು ಸಂಗ್ರಹಿಸದಿರುವುದು ಸೂಕ್ತ.

7. ಆಯ್ಕೆ ಹೇಗೆ?

ತಾಂತ್ರಿಕ ಸಿಬ್ಬಂದಿ ಇಲ್ಲದ ಸಣ್ಣ ಸಂಸ್ಥೆಗೆ ಪಿಎಚ್‌ಪಿಯೊಡನೆ ಮರಿಯಾಡಿಬಿ ಅಥವಾ ಮೈಎಸ್‌ಕ್ಯುಎಲ್ ಅನುಕೂಲಕರ. ಸರಬರಾಜುದಾರರು ಬದಲಾದರೂ ಕೆಲಸ ಮುಂದುವರಿಸುವವರು ಸಿಗುತ್ತಾರೆ. ಲೆಕ್ಕಪತ್ರ ಹಾಗೂ ವರದಿಗಳು ಹೆಚ್ಚಿರುವಲ್ಲಿ ಪೋಸ್ಟ್‌ಗ್ರೆಸ್ ಪರಿಗಣಿಸಬಹುದು. ತಂತ್ರಾಂಶವು ಉಚಿತವೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದಲ್ಲ. ಹೋಸ್ಟಿಂಗ್, ನಿರ್ವಹಣೆ ಮತ್ತು ಆವೃತ್ತಿ ಬದಲಾವಣೆಯ ಖರ್ಚನ್ನು ಕನಿಷ್ಠ 5 ವರ್ಷಗಳಿಗೆ ಅಂದಾಜಿಸಿ ದರಪಟ್ಟಿಗಳನ್ನು ಹೋಲಿಸುವುದು.

8. ಕಾರ್ಯಾದೇಶದಲ್ಲಿ ಸೇರಿಸಬೇಕಾದ ಷರತ್ತುಗಳು

• ತಂತ್ರಾಂಶಗಳ ಹೆಸರು, ಆವೃತ್ತಿ ಹಾಗೂ ಬೆಂಬಲ ಮುಗಿಯುವ ದಿನಾಂಕ.
• ಒತ್ತಕ್ಷರಗಳುಳ್ಳ ದೀರ್ಘ ಕನ್ನಡ ಹೆಸರುಗಳಿಂದ ದಾಖಲಾತಿ, ಹುಡುಕಾಟ ಮತ್ತು ಮುದ್ರಣದ ಪರೀಕ್ಷೆ.
• ಪ್ರತಿದಿನ ಬ್ಯಾಕಪ್. ತಿಂಗಳಿಗೊಮ್ಮೆ ಅದನ್ನು ಮರುಸ್ಥಾಪಿಸಿ ನೋಡುವುದು.
• ಮೂಲ ಕ್ರಮವಿಧಿ, ದತ್ತಸಂಚಯದ ಪೂರ್ಣ ಪ್ರತಿ ಹಾಗೂ ಗುಪ್ತಪದಗಳ ಹಸ್ತಾಂತರ.
• ಡೊಮೇನ್ ನೋಂದಣಿಯು ಸಂಸ್ಥೆಯ ಹೆಸರಿನಲ್ಲಿಯೇ ಇರುವುದು.

ಮೇಲಿನ ಷರತ್ತುಗಳು ಪೂರ್ಣಗೊಂಡಿರುವುದನ್ನು ಲಿಖಿತವಾಗಿ ಖಚಿತಪಡಿಸಿಕೊಂಡ ನಂತರವೇ ಅಂತಿಮ ಬಿಲ್ಲನ್ನು ಪಾವತಿಸುವುದು ಸೂಕ್ತ.