ಭಾರತ ಗಣರಾಜ್ಯದ ಜಾತ್ಯತೀತ ಸ್ವರೂಪ

ಭಾರತ ಗಣರಾಜ್ಯ ಹುಟ್ಟಿನಿಂದಲೇ ಜಾತ್ಯತೀತವೇ ಎಂದು ಕೇಳಿದರೆ, ಸಂವಿಧಾನದ ಪೀಠಿಕೆಯ 'ಸೆಕ್ಯುಲರ್' (ಜಾತ್ಯತೀತ) ಎಂಬ ಪದವನ್ನು ತೋರಿಸುವುದು ರೂಢಿ. ಆ ಪದ ಅಲ್ಲಿಗೆ ಬಂದದ್ದು 1976ರ 42ನೆಯ ತಿದ್ದುಪಡಿಯಿಂದ. 1950ರ ಜನವರಿ 26ರಂದು ಜಾರಿಗೆ ಬಂದ ಪೀಠಿಕೆಯಲ್ಲಿ ಅದಿರಲಿಲ್ಲ. ದೇವರ ಹೆಸರೂ ಇರಲಿಲ್ಲ. ಮರೆತು ಬಿಟ್ಟದ್ದಲ್ಲ. ಸಂವಿಧಾನ ಸಭೆಯ ಮುಂದೆ ಎರಡೂ ಬಂದವು, ಎರಡೂ ಬಿದ್ದುಹೋದವು.

1948ರ ನವೆಂಬರ್ 15ರಂದು ಕೆ.ಟಿ. ಶಾ ಅವರು ಭಾರತವನ್ನು 'ಸೆಕ್ಯುಲರ್, ಫೆಡರಲ್, ಸೋಷಿಯಲಿಸ್ಟ್' ಒಕ್ಕೂಟವೆಂದು ಮೊದಲ ವಿಧಿಯಲ್ಲೇ ಸಾರಬೇಕೆಂದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜದ ವ್ಯವಸ್ಥೆ ಹೇಗಿರಬೇಕೆಂಬುದನ್ನು ಆಯಾ ಕಾಲದ ಜನರೇ ತೀರ್ಮಾನಿಸಲಿ ಎಂಬುದು ಅವರ ವಾದ. ಗಮನಿಸಬೇಕಾದ ಸಂಗತಿ, ಆ ಉತ್ತರದ ಬಹುಭಾಗ ಸಮಾಜವಾದವನ್ನು ಕುರಿತದ್ದು. ಅದರಿಂದ ಅವರು ಜಾತ್ಯತೀತತೆಯನ್ನೇ ತಳ್ಳಿಹಾಕಿದರೆಂದು ಹೇಳುವುದು ಸರಿಯಾಗದು.

ದೇವರ ಸರದಿ ಬಂದದ್ದು 1949ರ ಅಕ್ಟೋಬರ್ 17ರಂದು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಹುದ್ದೆ ತೊರೆದು ರಾಷ್ಟ್ರೀಯ ಚಳವಳಿ ಸೇರಿದ್ದ ಎಚ್.ವಿ. ಕಾಮತ್, ಪೀಠಿಕೆ 'ದೇವರ ಹೆಸರಿನಲ್ಲಿ' ಆರಂಭವಾಗಲಿ ಎಂದು ಸೂಚಿಸಿದರು. ಅಸ್ಸಾಮಿನ ರೋಹಿಣಿಕುಮಾರ್ ಚೌಧರಿ, ಶಕ್ತಿಪೂಜೆಯ ಕಾಮರೂಪದವರಾದ ತಮಗೆ ದೇವಿಯ ಹೆಸರು ಬೇಡವೇ ಎಂದು ಕೇಳಿದರು. ಪೂರ್ಣಿಮಾ ಬ್ಯಾನರ್ಜಿಯವರ ಸಂಕಟ ಬೇರೆ: ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಅವರು ಬೇಡಿಕೊಂಡರು. ಹೃದಯನಾಥ ಕುಂಜ್ರು ಅವರ ಆಕ್ಷೇಪ ನೇರವಾಗಿತ್ತು. ಅದೇ ಪೀಠಿಕೆ ನಂಬಿಕೆಯ ಸ್ವಾತಂತ್ರ್ಯದ ಭರವಸೆ ಕೊಡುವಾಗ, ದೇವರನ್ನು ಎಲ್ಲರ ಮೇಲೂ ಹೇರುವುದು ಹೇಗೆ? ಸೂಚನೆ ಹಿಂತೆಗೆದುಕೊಳ್ಳಲು ಕಾಮತರು ಒಪ್ಪಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ವಿರೋಧಿಸಿದವರೆಲ್ಲ ನಾಸ್ತಿಕರೇನಲ್ಲ. ದೇವರು ಪೂರ್ತಿ ಹೊರಗುಳಿಯಲೂ ಇಲ್ಲ: ಮೂರನೆಯ ಅನುಸೂಚಿಯ ಪ್ರಮಾಣವಚನವನ್ನು ದೇವರ ಹೆಸರಿನಲ್ಲಾದರೂ ಸ್ವೀಕರಿಸಬಹುದು, ಆತ್ಮಸಾಕ್ಷಿಯಾಗಿಯಾದರೂ ದೃಢೀಕರಿಸಬಹುದು.

ಹಣೆಬರಹದಲ್ಲಿ ಬರೆಯದ್ದನ್ನು ವಿಧಿಗಳು ಹೇಳಿದವು. 25ನೆಯ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯ ಕೊಡುತ್ತಲೇ, ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೂ ತೆರೆಸುವ ಕಾನೂನಿಗೆ ದಾರಿ ಬಿಟ್ಟಿತು. 27ನೆಯದು ಯಾವುದೇ ಧರ್ಮದ ಪೋಷಣೆಗಾಗಿ ತೆರಿಗೆ ಹಾಕುವುದನ್ನು ತಡೆಯಿತು. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದಿತು 28ನೆಯದು. ಧರ್ಮಕ್ಕೂ ರಾಜ್ಯಕ್ಕೂ ನಡುವೆ ಇಲ್ಲಿ ಗೋಡೆಯೆದ್ದಿದೆ ಎಂದು ಮಾತ್ರ ಭಾವಿಸಬಾರದು. 1956ರಲ್ಲಿ ಸೇರಿದ 290ಎ ವಿಧಿಯಂತೆ ಕೇರಳ ಸರ್ಕಾರ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಬೇಕು.

ಮುಂದಿನ ಕಥೆಯಲ್ಲಿ ಕನ್ನಡಿಗರ ಪಾತ್ರ ದೊಡ್ಡದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾಯ್ದೆಗಳನ್ನು ಪ್ರಶ್ನಿಸಿದ್ದರು. 1973ರಲ್ಲಿ ಆ ಮೊಕದ್ದಮೆಯ ತೀರ್ಪು ಬಂದಾಗ, ತಿದ್ದುಪಡಿಯಿಂದಲೂ ಅಳಿಸಲಾಗದ ಸಂವಿಧಾನದ ಮೂಲರಚನೆಯ ಲಕ್ಷಣಗಳಲ್ಲಿ ಜಾತ್ಯತೀತ ಸ್ವರೂಪವೂ ಒಂದೆಂದು ಮುಖ್ಯ ನ್ಯಾಯಮೂರ್ತಿ ಸಿಕ್ರಿ ಎಣಿಸಿದರು. ಪದ ಪೀಠಿಕೆಗೆ ಬರಲು ಇನ್ನೂ ಮೂರು ವರ್ಷವಿತ್ತು! ತುರ್ತುಪರಿಸ್ಥಿತಿಯ ನಡುವೆ ಪದ ಸೇರಿತು, ಅರ್ಥವಿವರಣೆ ಸೇರಲಿಲ್ಲ. ಎಲ್ಲ ಧರ್ಮಗಳಿಗೂ ಸಮಾನ ಗೌರವ ಎಂಬ ವಿವರಣೆ ಕೊಡಲು ಜನತಾ ಸರ್ಕಾರ 1978ರಲ್ಲಿ ಮಾಡಿದ ಯತ್ನ ರಾಜ್ಯಸಭೆಯಲ್ಲಿ ಸೋತಿತು. ಅರ್ಥ ಹೀಗೆ ತೆರೆದೇ ಉಳಿಯಿತು, ಅನುವಾದದ ಪದಗಳೂ ಒಂದನ್ನೇ ಹೇಳುವುದಿಲ್ಲ: ಕನ್ನಡದ 'ಜಾತ್ಯತೀತ' ಜಾತಿಯನ್ನು ಮೀರಿದ್ದೆಂದು ಹೇಳುತ್ತದೆ, 'ಧರ್ಮನಿರಪೇಕ್ಷ' ಇನ್ನೇನನ್ನೋ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ 1989ರಲ್ಲಿ ವಜಾ ಆದದ್ದರಿಂದ ಹುಟ್ಟಿದ ಮೊಕದ್ದಮೆಯಲ್ಲಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಾತ್ಯತೀತತೆ ಮೂಲರಚನೆಯ ಭಾಗವೆಂಬುದನ್ನು ಗಟ್ಟಿಮಾಡಿತು. ಪೀಠಿಕೆಯಿಂದ ಆ ಪದವನ್ನು ತೆಗೆಯಬೇಕೆಂದು ಕೋರಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ವಜಾ ಮಾಡಿತು.