ಹದಿನಾರು ಎಕರೆ ಜಾಗ, ಎರಡು ಬಾರಿಯ ಅಹವಾಲು



ಕೈಗೆ ಅಟ್ಲಾಸ್ ಸಿಕ್ಕಿದರೆ ನ್ಯೂಯಾರ್ಕ್ ನಗರವಿರುವ ಪುಟವನ್ನು ತೆರೆದಿಟ್ಟುಕೊಳ್ಳಿ. ಎರಡು ನದಿಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಒಂದು ದ್ವೀಪ ಕಾಣುತ್ತದೆ, ಅದೇ ಮ್ಯಾನ್‌ಹಟನ್. ಅದರ ಪೂರ್ವಕ್ಕೆ ಈಸ್ಟ್ ನದಿ, ಪಶ್ಚಿಮಕ್ಕೆ ಹಡ್ಸನ್ ನದಿ. ಹಡ್ಸನ್ ದಾಟಿದರೆ ನ್ಯೂಜೆರ್ಸಿ ಎಂಬ ಬೇರೆಯೇ ರಾಜ್ಯ. ದ್ವೀಪದ ದಕ್ಷಿಣ ತುದಿಯಲ್ಲಿ, ಹಡ್ಸನ್ನಿನ ಕಡೆಗೆ, ಹದಿನಾರು ಎಕರೆಯ ಒಂದು ತುಂಡು ನೆಲವಿದೆ. ೨೦೦೧ರ ಸೆಪ್ಟೆಂಬರ್ ೧೧ರಂದು ವಿಮಾನಗಳು ಅಪ್ಪಳಿಸಿದ್ದು ಅಲ್ಲಿದ್ದ ಅವಳಿ ಗೋಪುರಗಳಿಗೆ. ಆ ದಿನದ ಸಂಗತಿ ನಿಮಗೆ ಗೊತ್ತು. ನಾನು ಹೇಳಹೊರಟಿರುವುದು ಅದಕ್ಕೆ ಹಿಂದಿನ ಮತ್ತು ಮುಂದಿನ ಕಥೆ. ಆ ನೆಲದ ಮೇಲೆ ಏನು ಕಟ್ಟಬೇಕು ಎಂಬ ಪ್ರಶ್ನೆ ನಲವತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಎದ್ದಿತು. ಆಗ ಅಲ್ಲಿಯ ಜನ ಏನೆಂದರು, ಅವರ ಮಾತು ಎಷ್ಟು ದೂರ ನಡೆಯಿತು ಎಂಬುದು ನಮ್ಮ ಇಂದಿನ ವಿಷಯ.

೧೯೨೧ರಲ್ಲಿ ಈ ಜಾಗದ ಕಾರ್ಟ್‌ಲ್ಯಾಂಡ್ ಬೀದಿಯಲ್ಲಿ ಒಂದು ರೇಡಿಯೋ ಅಂಗಡಿ ಬಾಗಿಲು ತೆರೆಯಿತು. ರೇಡಿಯೋ ಆಗ ಹೊಸ ವಸ್ತು, ಅದರ ಹುಚ್ಚೂ ಹೊಸದು. ಒಂದರ ಪಕ್ಕಕ್ಕೆ ಇನ್ನೊಂದು ಎಂಬಂತೆ ಅಂಗಡಿಗಳು ಹುಟ್ಟಿಕೊಂಡು, ಆ ಬೀದಿಗಳಿಗೆ ‘ರೇಡಿಯೋ ರೋ’ ಎಂದೇ ಹೆಸರು ಬಿತ್ತು. ಅಂದರೆ ರೇಡಿಯೋ ಸಾಲು. ವಾಲ್ವು, ಕಾಯಿಲು, ಸ್ಪೀಕರು, ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಉಪಕರಣಗಳು, ಎಲ್ಲವೂ ಪೆಟ್ಟಿಗೆಗಳಲ್ಲಿ ತುಂಬಿ ಬೀದಿಯಂಚಿನವರೆಗೂ ಬಂದು ಕುಳಿತಿರುತ್ತಿದ್ದವು. ಒಂದು ಬಿಡಿಭಾಗಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದವರಿಗೆ ಈ ಚಿತ್ರ ಬೇಗ ಕಣ್ಣಿಗೆ ಕಟ್ಟೀತು. ರೇಡಿಯೋ ಅಲ್ಲದೆ ಬೇರೆ ಬೇರೆ ವ್ಯಾಪಾರಗಳೂ, ಸಣ್ಣ ಕಚೇರಿಗಳೂ ಅಲ್ಲಿದ್ದವು. ಸುಮಾರು ನೂರು ಮಂದಿ ಅಲ್ಲೇ ಮನೆ ಮಾಡಿಕೊಂಡೂ ಇದ್ದರು.

ಈ ಬೀದಿಗಳನ್ನು ಕೆಡವಬೇಕೆಂದು ಮೊದಲು ಯಾರೂ ಹೇಳಿರಲಿಲ್ಲ. ಇದು ಗಮನಿಸಬೇಕಾದ ಸಂಗತಿ. ಬ್ಯಾಂಕರ್ ಡೇವಿಡ್ ರಾಕ್‌ಫೆಲರ್ ಮುಂದಾಳಾಗಿದ್ದ ಒಂದು ಸಂಘ ೧೯೬೦ರಲ್ಲಿ ವಿಶ್ವ ವಾಣಿಜ್ಯ ಕೇಂದ್ರದ ಪ್ರಸ್ತಾವವನ್ನು ಮುಂದಿಟ್ಟಿತು. ಆಗ ಗುರುತಿಸಿದ್ದ ಜಾಗ ದ್ವೀಪದ ಮತ್ತೊಂದು ಮಗ್ಗುಲು, ಅಂದರೆ ಈಸ್ಟ್ ನದಿಯ ದಡ. ಕಟ್ಟಬೇಕಾದದ್ದು ಬಂದರು ಪ್ರಾಧಿಕಾರ. ಅದು ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಎರಡೂ ರಾಜ್ಯಗಳು ಕೂಡಿ ೧೯೨೧ರಲ್ಲಿ ಸ್ಥಾಪಿಸಿದ ಸಂಸ್ಥೆ; ಹಾಗಾಗಿ ಎರಡೂ ಕಡೆಯ ಒಪ್ಪಿಗೆ ಬೇಕು. ನಮ್ಮಿಂದ ದೂರದ ದಡದಲ್ಲಿ ಕಟ್ಟಿದರೆ ನಮಗೇನು ಬಂತು ಎಂದು ನ್ಯೂಜೆರ್ಸಿ ಕೇಳಿತು. ಅಲ್ಲಿಂದ ಹಡ್ಸನ್ ನದಿಯ ಕೆಳಗೆ ಸುರಂಗದಲ್ಲಿ ದಿನವೂ ಜನರನ್ನು ಹೊತ್ತು ತರುತ್ತಿದ್ದ ಒಂದು ಖಾಸಗಿ ರೈಲು ಕಂಪನಿ ದಿವಾಳಿಯಾಗಿತ್ತು. ಕೊನೆಗೆ ಆದ ಒಪ್ಪಂದ ಇಷ್ಟು: ಪ್ರಾಧಿಕಾರ ಆ ರೈಲನ್ನು ವಹಿಸಿಕೊಳ್ಳುವುದು, ವಾಣಿಜ್ಯ ಕೇಂದ್ರವನ್ನು ಆ ರೈಲಿನ ಕೊನೆಯ ನಿಲ್ದಾಣವಿದ್ದ ಪಶ್ಚಿಮದ ಮಗ್ಗುಲಿಗೆ ತರುವುದು. ೧೯೬೨ರಲ್ಲಿ ಎರಡೂ ರಾಜ್ಯಗಳು ಇದಕ್ಕೆ ಕಾನೂನಿನ ಮುದ್ರೆ ಒತ್ತಿದವು. ಆಗ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿದ್ದವರು ಡೇವಿಡ್ ಅವರ ಅಣ್ಣ ನೆಲ್ಸನ್ ರಾಕ್‌ಫೆಲರ್.

ಪೂರ್ವದ ದಡವೋ ಪಶ್ಚಿಮದ ದಡವೋ ಎಂಬ ಈ ಚೌಕಾಸಿಯಲ್ಲಿ ರೇಡಿಯೋ ಸಾಲಿನವರಿಗೆ ಪಾಲಿರಲಿಲ್ಲ. ತಮ್ಮ ಅಂಗಡಿಯ ನೆಲದ ವಿಚಾರ ಅವರಿಗೆ ತಿಳಿದದ್ದು ಎಲ್ಲ ಮುಗಿಯುವ ಹೊತ್ತಿಗೆ. ಆಸ್ಕರ್ ನೇಡೆಲ್ ಎಂಬ ರೇಡಿಯೋ ವ್ಯಾಪಾರಿ ಅವರನ್ನು ಒಂದುಗೂಡಿಸಿದರು. ೧೯೬೨ರಲ್ಲಿ ಅವರು ಒಂದು ಅಣಕು ಶವಯಾತ್ರೆ ತೆಗೆದರು. ಶವಪೆಟ್ಟಿಗೆಯಲ್ಲಿದ್ದವನು ‘ಸಣ್ಣ ವ್ಯಾಪಾರಿ’. ಅಂಗಡಿಗಳಿಗೆ ಪ್ರಾಧಿಕಾರ ಕೊಡಲು ಬಂದ ಪರಿಹಾರ ತಲಾ ಸುಮಾರು ೩,೦೦೦ ಡಾಲರ್. ಹತ್ತು ವರ್ಷ ವ್ಯಾಪಾರ ಮಾಡಿದವನಿಗೂ ಅಷ್ಟೇ, ನಲವತ್ತು ವರ್ಷ ಮಾಡಿದವನಿಗೂ ಅಷ್ಟೇ. ಬಾಡಿಗೆದಾರನಿಗೆ ಕಟ್ಟಡದ ಬೆಲೆಯಲ್ಲಿ ಹಕ್ಕಿಲ್ಲ. ಬೀದಿಯ ಹೆಸರಿನಿಂದಲೇ ಗಿರಾಕಿ ಬರುತ್ತಿದ್ದನಲ್ಲ, ಆ ಹೆಸರಿಗಂತೂ ಬೆಲೆ ಕಟ್ಟುವವರೇ ಇಲ್ಲ.

ಅವರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಗೆ ಅಂಟಿಕೊಂಡ ಹೆಸರು ಒಂದು ತಿಂಡಿ ಅಂಗಡಿಯದು, ‘ಕರ್ಟಸಿ ಸ್ಯಾಂಡ್‌ವಿಚ್ ಶಾಪ್’. ಅವರ ವಾದ ಸರಳವಾಗಿತ್ತು: ಸಾರ್ವಜನಿಕ ಉದ್ದೇಶಕ್ಕೆ ಸರಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಬಹುದು, ಸರಿ, ಆದರೆ ಖಾಸಗಿ ಕಂಪನಿಗಳಿಗೆ ಬಾಡಿಗೆಗೆ ಕೊಡಲು ಕಚೇರಿ ಕಟ್ಟುವುದು ಸಾರ್ವಜನಿಕ ಉದ್ದೇಶ ಹೇಗಾದೀತು? ೧೯೬೩ರ ಫೆಬ್ರವರಿಯಲ್ಲಿ ಕೆಳ ನ್ಯಾಯಾಲಯ ಅಂಗಡಿಯವರ ಪರ ತೀರ್ಪು ಕೊಟ್ಟಿತು. ಆ ಸಂತೋಷಕ್ಕೆ ಎರಡು ತಿಂಗಳ ಆಯುಸ್ಸು. ಏಪ್ರಿಲ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ತಿರುಗಿಸಿತು. ವ್ಯಾಪಾರವನ್ನು ಒಂದೆಡೆ ಸೇರಿಸುವುದೂ ಸಾರ್ವಜನಿಕ ಉದ್ದೇಶವೇ ಎಂದಿತು. ವರ್ಷದ ಕೊನೆಗೆ ಅಮೆರಿಕದ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ೧೯೬೬ರ ಮಾರ್ಚಿಯಲ್ಲಿ ಕೆಡವುವ ಕೆಲಸ ಶುರುವಾಯಿತು. ಕೆಲವು ಅಂಗಡಿಗಳು ಬೇರೆಡೆಗೆ ಹೋದವು, ಅನೇಕವು ಮುಚ್ಚಿದವು.

ಅಲ್ಲಿ ಎದ್ದ ೧೧೦ ಮಹಡಿಗಳ ಎರಡು ಗೋಪುರಗಳು ೧೯೭೩ರ ಏಪ್ರಿಲ್‌ನಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದವು. ಅವುಗಳ ಬುಡಕ್ಕಾಗಿ ಹಳೆಯ ಬೀದಿಗಳನ್ನು ನಕ್ಷೆಯಿಂದಲೇ ಅಳಿಸಿ ಹಾಕಿದರು. ತಳಪಾಯ ತೋಡಿದ ಮಣ್ಣನ್ನು ಪಕ್ಕದ ಹಡ್ಸನ್ ನದಿಗೆ ಸುರಿದರು. ನದಿಯನ್ನು ತುಂಬಿಸಿ ಪಡೆದ ಆ ಹೊಸ ನೆಲದ ಮೇಲೆ ಬ್ಯಾಟರಿ ಪಾರ್ಕ್ ಸಿಟಿ ಎಂಬ ವಸತಿ ಬಡಾವಣೆ ಬೆಳೆಯಿತು. ೧೯೮೦ರ ದಶಕದ ಮೊದಲಲ್ಲಿ ಅಲ್ಲಿಗೆ ಒಕ್ಕಲು ಬರತೊಡಗಿತು. ಹೀಗೆ, ಕಚೇರಿಗಳ ಪಕ್ಕದಲ್ಲಿ ಸಂಸಾರಗಳು ಬಂದವು. ಮುಂದೆ ಅವರ ಮಾತು ಬರುತ್ತದೆ.

೨೦೦೧ರ ಜುಲೈನಲ್ಲಿ ಪ್ರಾಧಿಕಾರವು ಗೋಪುರಗಳನ್ನು ಲ್ಯಾರಿ ಸಿಲ್ವರ್‌ಸ್ಟೀನ್ ಎಂಬ ಕಟ್ಟಡೋದ್ಯಮಿಯ ಗುಂಪಿಗೆ ೯೯ ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಒಪ್ಪಂದದ ಬೆಲೆ ೩೨೦ ಕೋಟಿ ಡಾಲರ್. ಅದಾದ ಏಳನೆಯ ವಾರದಲ್ಲಿ ಗೋಪುರಗಳು ಬಿದ್ದವು. ಅಲ್ಲಿ ೨,೭೫೩ ಜನ ಸತ್ತರು. ಕಟ್ಟಡ ಹೋದರೂ ಗುತ್ತಿಗೆ ಹೋಗಲಿಲ್ಲ. ನೆಲಬಾಡಿಗೆ ತಿಂಗಳಿಗೆ ಸುಮಾರು ಒಂದು ಕೋಟಿ ಡಾಲರ್ ಕಟ್ಟಬೇಕು, ಕಳೆದುಹೋದ ಕಚೇರಿ ಜಾಗವನ್ನು ಮತ್ತೆ ಕಟ್ಟುವ ಹಕ್ಕೂ ಗುತ್ತಿಗೆದಾರನಿಗೆ ಉಂಟು. ಎರಡು ವಿಮಾನಗಳು ಬಡಿದದ್ದು ಒಂದು ಘಟನೆಯೋ ಎರಡು ಘಟನೆಯೋ ಎಂದು ವಿಮಾ ಕಂಪನಿಗಳ ಜೊತೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ೨೦೦೭ರಲ್ಲಿ ಮುಗಿದಾಗ ಸಿಕ್ಕಿದ್ದು ಒಟ್ಟು ೪೫೫ ಕೋಟಿ ಡಾಲರ್. ಈ ಲೆಕ್ಕ ನಿಮಗೆ ಬೇಸರವೆನಿಸಬಹುದು. ಆದರೂ ಮರೆಯಬೇಡಿ, ಮುಂದಿನದಕ್ಕೆಲ್ಲ ಇದೇ ಬೀಗ.

ಮರುನಿರ್ಮಾಣಕ್ಕಾಗಿ ರಾಜ್ಯ ಮತ್ತು ನಗರ ಕೂಡಿ ಒಂದು ನಿಗಮವನ್ನು ರಚಿಸಿದವು. ೨೦೦೨ರ ಜುಲೈ ೧೬ರಂದು ನಿಗಮವೂ ಪ್ರಾಧಿಕಾರವೂ ಆರು ನಕ್ಷೆಗಳನ್ನು ಜನರ ಮುಂದಿಟ್ಟವು. ಒಂದಕ್ಕೆ ಸ್ಮಾರಕ ಚೌಕ, ಇನ್ನೊಂದಕ್ಕೆ ಸ್ಮಾರಕ ತ್ರಿಕೋನ, ಮತ್ತೊಂದಕ್ಕೆ ಸ್ಮಾರಕ ಉದ್ಯಾನ, ಹೀಗೆ ಹೆಸರು ಆರು ಬಗೆ. ಒಳಗಿನ ಹೂರಣ ಮಾತ್ರ ಒಂದೇ: ೧ ಕೋಟಿ ೧೦ ಲಕ್ಷ ಚದರ ಅಡಿ ಕಚೇರಿ, ೬ ಲಕ್ಷ ಚದರ ಅಡಿ ಅಂಗಡಿ, ಒಂದು ಹೋಟೆಲು. ಎಕರೆಗೆ ೪೩,೫೬೦ ಚದರ ಅಡಿಯಂತೆ ನೀವೇ ಭಾಗಿಸಿ ನೋಡಿ. ಹದಿನಾರು ಎಕರೆ ನೆಲದ ಮೇಲೆ ಸುಮಾರು ೨೫೦ ಎಕರೆ ಕಚೇರಿಯನ್ನು ಒಂದರ ಮೇಲೊಂದು ಪೇರಿಸಿ, ಅದರ ನಡುವೆ ಸ್ಮಾರಕಕ್ಕೂ ಜಾಗ ಬಿಡಬೇಕು!

ನಾಲ್ಕು ದಿನ ಕಳೆದು, ಜುಲೈ ೨೦ರ ಶನಿವಾರ, ಮ್ಯಾನ್‌ಹಟನ್ನಿನ ಜಾವಿಟ್ಸ್ ಸಮ್ಮೇಳನ ಕೇಂದ್ರದಲ್ಲಿ ಒಂದು ಸಭೆ ಸೇರಿತು. ‘ನಗರದ ಮಾತು ಕೇಳೋಣ’ ಎಂಬರ್ಥದ ಹೆಸರು ಅದಕ್ಕೆ. ಬಂದವರು ೪,೦೦೦ಕ್ಕೂ ಹೆಚ್ಚು ಜನ. ವೇದಿಕೆಯ ಮೇಲೆ ಗಣ್ಯರು, ಕೆಳಗೆ ಕೇಳುಗರು ಎಂಬ ಏರ್ಪಾಡು ಅಲ್ಲಿರಲಿಲ್ಲ. ಹತ್ತು ಹನ್ನೆರಡು ಮಂದಿಗೆ ಒಂದು ಮೇಜು. ಪ್ರತಿ ಮೇಜಿನಲ್ಲಿ ಮಾತನ್ನು ನಡೆಸಿಕೊಡುವ ಒಬ್ಬರು, ಆಡಿದ್ದನ್ನು ದಾಖಲಿಸಲು ಒಂದು ಕಂಪ್ಯೂಟರ್, ಮತ ಹಾಕಲು ಪ್ರತಿಯೊಬ್ಬರ ಕೈಯಲ್ಲೂ ಗುಂಡಿಗಳ ಪುಟ್ಟ ಯಂತ್ರ. ಮಡಿದವರ ಮನೆಯವರು, ಬ್ಯಾಟರಿ ಪಾರ್ಕ್ ಸಿಟಿಯ ನಿವಾಸಿಗಳು, ಕೆಲಸ ಕಳೆದುಕೊಂಡವರು ಒಂದೇ ಮೇಜಿಗೆ ಕುಳಿತರು.

ಇವರೆಲ್ಲರ ಮನಸ್ಸು ಒಂದೇ ಆಗಿತ್ತೆಂದು ತಿಳಿಯಬೇಡಿ. ತಮ್ಮವರ ಮೂಳೆ ಬೆರೆತ ಮಣ್ಣಿನ ಮೇಲೆ ಕಚೇರಿ ಬೇಡ ಎಂಬುದು ಮನೆಯವರ ಮಾತು. ಗೋಪುರಗಳು ನಿಂತಿದ್ದ ಗುರುತಿನ ಮೇಲೆ ಏನನ್ನೂ ಕಟ್ಟುವುದಿಲ್ಲವೆಂದು ಗವರ್ನರ್ ಜಾರ್ಜ್ ಪಟಾಕಿ ಅವರಿಂದ ಜೂನ್ ತಿಂಗಳಲ್ಲೇ ಅವರು ಮಾತು ಪಡೆದಿದ್ದರು. ಪಕ್ಕದ ನಿವಾಸಿಗಳ ಸಂಕಟ ಬೇರೆ. ಅವರೂ ಆ ದಿನ ಧೂಳಿನಲ್ಲಿ ಮನೆ ಬಿಟ್ಟು ಓಡಿದವರೇ. ಆದರೆ ಮಕ್ಕಳನ್ನು ಕರೆದುಕೊಂಡು ದಿನವೂ ಶಾಲೆಗೆ, ದಿನಸಿಗೆ ಹೋಗಬೇಕಾದವರು ಮನೆಯ ಮುಂದೆ ಇಡೀ ಹದಿನಾರು ಎಕರೆ ಸ್ಮಶಾನದಂತಿರುವುದನ್ನು ಹೇಗೆ ಒಪ್ಪಿಯಾರು? ಇದನ್ನು ಬಾಯಿಬಿಟ್ಟು ಹೇಳುವುದಕ್ಕೂ ಧೈರ್ಯ ಬೇಕಿತ್ತು. ಬಿದ್ದ ಗೋಪುರಗಳನ್ನೇ ಇದ್ದ ಹಾಗೆ ಮತ್ತೆ ಎಬ್ಬಿಸಿ ಎಂಬವರೂ ಇದ್ದರು. ಬಡ ಬಾಡಿಗೆದಾರರ ಪರವಾಗಿ ಬಂದವರು, ಕಚೇರಿ ಇರಲಿ, ನಮ್ಮ ಕೈಗೆ ಎಟಕುವ ಬಾಡಿಗೆಯ ಮನೆ ಎಲ್ಲಿ ಎಂದರು.

ಇಷ್ಟು ಭಿನ್ನವಾಗಿದ್ದವರು ಒಂದು ವಿಷಯದಲ್ಲಿ ಒಂದಾದರು: ಆರೂ ನಕ್ಷೆಗಳು ಬೇಡ. ನೋಡಿದರೆ ಆಲ್ಬನಿಯ ಹಾಗಿದೆ ಎಂಬ ಮಾತು ಅಲ್ಲಿ ಕೇಳಿಬಂತು. ಆಲ್ಬನಿ ನ್ಯೂಯಾರ್ಕ್ ರಾಜ್ಯದ ರಾಜಧಾನಿ. ಅಲ್ಲಿ ಒಂದೇ ಅಚ್ಚಿನ ಸರಕಾರಿ ಗೋಪುರಗಳ ಸಾಲೊಂದಿದೆ. ಅದನ್ನು ಕಟ್ಟಿಸಿದವರು ಯಾರು ಬಲ್ಲಿರಾ? ಅದೇ ನೆಲ್ಸನ್ ರಾಕ್‌ಫೆಲರ್. ಸಭೆ ಕೇಳಿದ್ದು ಕಡಿಮೆ ಕಚೇರಿ, ಹೆಚ್ಚು ಮನೆ, ಅಳಿಸಿಹೋದ ಬೀದಿಗಳ ಮರುಜೋಡಣೆ, ಆಕಾಶದಂಚಿನಲ್ಲಿ ಗುರುತು ಹಿಡಿಯುವಂಥ ಒಂದು ಎತ್ತರ. ಆರೂ ನಕ್ಷೆಗಳು ಮೂಲೆ ಸೇರಿದವು. ೧೯೬೨ರ ಶವಪೆಟ್ಟಿಗೆಯಿಂದ ಆಗದ್ದು ೨೦೦೨ರಲ್ಲಿ ಒಂದು ಶನಿವಾರದ ಸಭೆಯಿಂದ ಆಯಿತು.

ನಿಗಮ ಜಗತ್ತಿನ ವಾಸ್ತುಶಿಲ್ಪಿಗಳನ್ನು ಕರೆಯಿತು. ಆಯ್ದ ಏಳು ತಂಡಗಳ ಒಂಬತ್ತು ವಿನ್ಯಾಸಗಳು ಡಿಸೆಂಬರ್ ೧೮ರಂದು ಪ್ರಕಟವಾದವು. ಜನ ಸಾಲುಗಟ್ಟಿ ಬಂದು ಮಾದರಿಗಳನ್ನು ನೋಡಿದರು. ೨೦೦೩ರ ಫೆಬ್ರವರಿಗೆ ಉಳಿದದ್ದು ಎರಡು. ‘ಥಿಂಕ್’ ಎಂಬ ತಂಡದ್ದು ಜಾಲರಿಯಂಥ ಎರಡು ಟೊಳ್ಳು ಗೋಪುರಗಳ ಕಲ್ಪನೆ. ಡೇನಿಯಲ್ ಲಿಬೆಸ್ಕಿಂಡ್ ಅವರದ್ದು, ಹಡ್ಸನ್ನಿನ ನೀರನ್ನು ತಡೆದು ನಿಂತ ನೆಲದಾಳದ ಹಳೆಯ ಗೋಡೆಯನ್ನು ತೆರೆದು ತೋರಿಸಿ, ಮೇಲೆ ೧,೭೭೬ ಅಡಿಯ ಗೋಪುರ ಎಬ್ಬಿಸುವುದು. ೧೭೭೬ ಅಮೆರಿಕ ಸ್ವಾತಂತ್ರ್ಯ ಸಾರಿದ ವರ್ಷ. ನಿಗಮದ ಸಮಿತಿ ಥಿಂಕ್ ತಂಡದ ಕಡೆ ವಾಲಿತ್ತು. ಆದರೆ ಫೆಬ್ರವರಿ ೨೭ರಂದು ಗೆದ್ದದ್ದು ಲಿಬೆಸ್ಕಿಂಡ್. ಗವರ್ನರ್ ಪಟಾಕಿ ಅವರ ಒಲವು ಆ ಕಡೆಗಿತ್ತು. ಸಾವಿರಾರು ಜನರ ಗುಂಡಿ ಒತ್ತಾಟ ಎಲ್ಲಿ ಮುಗಿದು, ಒಬ್ಬರ ಮಾತು ಎಲ್ಲಿ ಶುರುವಾಯಿತೆಂದು ಇಲ್ಲಿ ನೋಡಬಹುದು.

ಗುತ್ತಿಗೆದಾರ ತನ್ನ ಕಡೆಯ ವಾಸ್ತುಶಿಲ್ಪಿ ಡೇವಿಡ್ ಚೈಲ್ಡ್ಸ್ ಅವರನ್ನು ತಂದರು. ೨೦೦೫ರಲ್ಲಿ ಪೊಲೀಸರು ಭದ್ರತೆಯ ಆಕ್ಷೇಪ ಎತ್ತಿದ ಮೇಲೆ ಗೋಪುರದ ಬುಡ ದಪ್ಪ ಕಾಂಕ್ರೀಟಿನದಾಯಿತು. ಕೊನೆಗೆ ಉಳಿದದ್ದು ಎತ್ತರದ ಆ ಅಂಕಿ, ಮಿಕ್ಕದ್ದು ಬಹುಪಾಲು ಬೇರೆ. ಸ್ಮಾರಕಕ್ಕೆ ಪ್ರತ್ಯೇಕ ಸ್ಪರ್ಧೆ ನಡೆಯಿತು: ೬೩ ದೇಶಗಳಿಂದ ೫,೨೦೧ ಪ್ರಸ್ತಾವಗಳು. ಆಯ್ಕೆಯಾದ ಮೈಕೆಲ್ ಅರಾದ್ ಅವರ ಎರಡು ಕೊಳಗಳು ಗೋಪುರಗಳ ಗುರುತಿನ ಮೇಲೇ ಇವೆ. ೨೦೧೧ರ ಸೆಪ್ಟೆಂಬರ್‌ನಲ್ಲಿ ತೆರೆದಾಗ ಅದು ಮನೆಯವರು ಬೇಡಿದ ನೆಲವೂ ಆಗಿತ್ತು, ನಿವಾಸಿಗಳು ಮರಗಳ ನೆರಳಲ್ಲಿ ನಡೆದುಹೋಗಬಲ್ಲ ಬಯಲೂ ಆಗಿತ್ತು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಮನಸ್ಸಿಗೆ ಒಪ್ಪುವ ಭಾಗ ಇದು.

ಇನ್ನೊಂದು ಸಣ್ಣ ಪ್ರಸಂಗ. ಜಾಗದ ಪಕ್ಕದ ಹೆದ್ದಾರಿಯನ್ನು ಸುರಂಗಕ್ಕೆ ಇಳಿಸುವ ಯೋಚನೆಯಿತ್ತು. ವರ್ಷಗಟ್ಟಲೆ ಅಗೆತ, ಧೂಳು, ಸದ್ದು ಬೇಡವೆಂದು ಬ್ಯಾಟರಿ ಪಾರ್ಕ್ ಸಿಟಿಯವರು ವಿರೋಧಿಸುತ್ತಲೇ ಬಂದರು. ೨೦೦೫ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ, ಸುರಂಗದ ಬಾಯಿ ತನ್ನ ಹೊಸ ಕಚೇರಿಯ ಎದುರಿಗೇ ಬರುತ್ತದೆಂದು ಅಲ್ಲಿ ಕಟ್ಟುವ ಯೋಚನೆಯನ್ನು ತಡೆಹಿಡಿದಿತ್ತು. ನಿವಾಸಿಗಳಿಗೆ ಬೇಕಾದದ್ದೇನೋ ಆಯಿತು. ಯಾರ ಮಾತಿಗೆ ಆಯಿತು ಎಂಬುದನ್ನು ನೀವೇ ಊಹಿಸಿ.

ಮತ್ತೆ ಆ ಬೀಗದ ವಿಚಾರ. ಜನ ಕಡಿಮೆ ಮಾಡಿ ಎಂದ ಕಚೇರಿ ಜಾಗ ಅಂತಿಮ ಯೋಜನೆಯಲ್ಲೂ ಸುಮಾರು ಒಂದು ಕೋಟಿ ಚದರ ಅಡಿ ಉಳಿಯಿತು. ೨೦೧೩, ೨೦೧೪, ೨೦೧೮ರಲ್ಲಿ ಒಂದೊಂದಾಗಿ ಮೂರು ಕಚೇರಿ ಗೋಪುರಗಳು ತೆರೆದವು. ಗ್ರೀನಿಚ್ ಮತ್ತು ಫುಲ್ಟನ್ ಬೀದಿಗಳು ನಕ್ಷೆಗೆ ಮರಳಿದವು. ೨೦೧೮ರಲ್ಲಿ ಮತ್ತೆ ತೆರೆದ ನೆಲದಡಿಯ ರೈಲು ನಿಲ್ದಾಣದ ಹೆಸರಿನಲ್ಲಿ ‘ಕಾರ್ಟ್‌ಲ್ಯಾಂಡ್’ ಎಂಬ ಪದ ಇದೆ. ಇಳಿದು ಮೇಲೆ ಬಂದವರಿಗೆ ರೇಡಿಯೋ ಅಂಗಡಿ ಒಂದೂ ಕಾಣುವುದಿಲ್ಲ.

ಹಾಗಾದರೆ ಮನೆಗಳು? ದಕ್ಷಿಣದ ಅಂಚಿನ ಐದನೆಯ ಗೋಪುರದ ಜಾಗ ಬಹಳ ಕಾಲ ಖಾಲಿ ಇತ್ತು. ೨೦೨೧ರಲ್ಲಿ ಅಲ್ಲಿಗೆ ವಸತಿ ಗೋಪುರದ ಪ್ರಸ್ತಾವವೊಂದು ಆಯ್ಕೆಯಾಯಿತು. ಅದರಲ್ಲಿ ಕಾಲು ಪಾಲು ಮನೆಗಳು ಮಾತ್ರ ಕಡಿಮೆ ಬಾಡಿಗೆಯವು. ಸುತ್ತಲಿನ ನಿವಾಸಿಗಳು ಮತ್ತೆ ಸಭೆ ಸೇರಿದರು, ಅಹವಾಲು ಬರೆದರು: ಇದು ಸಾರ್ವಜನಿಕ ನೆಲ, ಎಲ್ಲ ಮನೆಗಳೂ ಸಾಮಾನ್ಯರ ಕೈಗೆ ಎಟಕಬೇಕು. ೨೦೨೩ರ ಬೇಸಿಗೆಯಲ್ಲಿ ರಾಜ್ಯ ಸರಕಾರ ಪ್ರಕಟಿಸಿದ ಒಪ್ಪಂದದಲ್ಲಿ ೧,೨೦೦ ಮನೆಗಳ ಪೈಕಿ ೪೦೦ ಕಡಿಮೆ ಬಾಡಿಗೆಗೆ ನಿಗದಿಯಾದವು. ಆ ನಾನೂರರಲ್ಲಿ ಎಂಬತ್ತರಷ್ಟನ್ನು ೨೦೦೧ರ ಆ ದಿನ ಬದುಕುಳಿದವರಿಗೆ, ರಕ್ಷಣೆಗೆ ಧಾವಿಸಿದವರಿಗೆ ಮೊದಲು ಕೊಡಬೇಕೆಂದಾಯಿತು. ಜಾವಿಟ್ಸ್ ಕೇಂದ್ರದ ಮೇಜುಗಳಲ್ಲಿ ಮನೆ ಕೇಳಿ ಇಪ್ಪತ್ತೊಂದು ವರ್ಷವಾಗಿತ್ತು.